ನೀರಿಳಿಸಿದ ಕೊಳ, ಕೊಯ್ದ ಜೊಂಡು: ಒಂದು ಜೌಗುಧಾಮಕ್ಕೆ ಹೋಗಿಬಂದ ಮೇಲೆ

ಪ್ರವೇಶದ್ವಾರದ ಮೇಜಿನ ಮೇಲೆ ದಾರ ಕಟ್ಟಿ ಇಟ್ಟಿರುವ ಅಭಿಪ್ರಾಯ ಪುಸ್ತಕದಲ್ಲಿ, ನನಗಿಂತ ಮೊದಲು ಬಂದು ಹೋದವರೊಬ್ಬರು ಒತ್ತಿ ಒತ್ತಿ ಬರೆದಿದ್ದರು: "ಕೊಳದಲ್ಲಿ ನೀರೇ ಇಲ್ಲ. ಇದ್ದ ಜೊಂಡನ್ನೂ ಕಡಿದು ಬೋಳು ಮಾಡಿದ್ದಾರೆ. ನಿರ್ವಹಣೆ ಶೂನ್ಯ." ಕಳೆದ ಒಂದು ವರ್ಷದಲ್ಲಿ ಈ ಜೌಗುಧಾಮಕ್ಕೆ ಮೂರು ಬಾರಿ ನೋಡುಗನಾಗಿಯೂ ಎರಡು ಬಾರಿ ಶ್ರಮದಾನಕ್ಕೂ ಹೋಗಿಬಂದಿರುವ ನಾನು, ಆ ಮೂರು ವಾಕ್ಯಗಳಲ್ಲಿ ಮೊದಲೆರಡು ಪೂರ್ತಿ ನಿಜವೆಂದೂ ಮೂರನೆಯದು ಪೂರ್ತಿ ತಪ್ಪೆಂದೂ ಹೇಳಬಲ್ಲೆ. ನೀರನ್ನು ಇಳಿಸಿದ್ದೂ ಜೊಂಡನ್ನು ಕೊಯ್ದದ್ದೂ ನಿರ್ವಹಣೆಯೇ. ಈ ಧಾಮದವರು ಅತ್ಯಂತ ಚೆನ್ನಾಗಿ ಮಾಡುವ ಕೆಲಸವೂ ಅದೇ. ಅದನ್ನು ಬಂದವರಿಗೆ ತಿಳಿಸಿ ಹೇಳುವುದರಲ್ಲಿ ಮಾತ್ರ ಅವರು ಸೋತಿದ್ದಾರೆ. ನನ್ನ ಮೆಚ್ಚುಗೆ ಮತ್ತು ಆಕ್ಷೇಪ ಎರಡೂ ಇಲ್ಲಿಂದಲೇ ಹೊರಡುತ್ತವೆ. ಮುಂದೆ ಕೆಲವು ದೂರುಗಳೂ ಬರುವುದರಿಂದ ಧಾಮದ ಹೆಸರನ್ನು ಬರೆಯುತ್ತಿಲ್ಲ. ಇಂಥ ಯಾವ ಧಾಮಕ್ಕೆ ಹೋದರೂ ಅದನ್ನು ತೂಗಿ ನೋಡಲು ಈ ಬರಹದ ಬಹುಪಾಲು ಮಾತುಗಳು ಬಳಕೆಗೆ ಬಂದಾವು.

ಧಾಮ ದೊಡ್ಡದಲ್ಲ. ಒಂದರ ಮಗ್ಗುಲಲ್ಲಿ ಒಂದರಂತೆ ನಾಲ್ಕು ಕೊಳಗಳು, ಅವುಗಳ ನಡುವೆ ಮಣ್ಣಿನ ಏರಿಗಳು, ಒಂದು ಬದಿಗೆ ಆಳೆತ್ತರದ ಜೊಂಡಿನ ಹಾಸು, ಇನ್ನೊಂದು ಬದಿಗೆ ವರ್ಷದಲ್ಲಿ ಕೆಲವೇ ತಿಂಗಳು ನೀರು ನಿಲ್ಲುವ ಹುಲ್ಲುಬಯಲು. ಕೊಳಗಳು ಮನುಷ್ಯರು ತೋಡಿದವು. ಕೈಯಿಂದ ಮಾಡಿದ್ದು ಪ್ರಕೃತಿ ಹೇಗಾದೀತು ಎಂದು ಮೂಗು ಮುರಿಯುವವರು 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ಸಹಿಯಾದ ಒಪ್ಪಂದದ ವ್ಯಾಖ್ಯೆಯನ್ನು ಓದಬೇಕು. ನೈಸರ್ಗಿಕವಿರಲಿ ಕೃತಕವಿರಲಿ, ಶಾಶ್ವತವಿರಲಿ ತಾತ್ಕಾಲಿಕವಿರಲಿ, ನಿಂತ ನೀರಿರಲಿ ಹರಿಯುವ ನೀರಿರಲಿ, ಸಿಹಿಯಿರಲಿ ಉಪ್ಪಿರಲಿ, ಸಮುದ್ರವಾದರೆ ಇಳಿತದ ಹೊತ್ತಿನಲ್ಲಿ 6 ಮೀಟರ್ ಆಳ ಮೀರದಷ್ಟು ಭಾಗವೂ ಸೇರಿ, ಎಲ್ಲವೂ ಆ ಲೆಕ್ಕದಲ್ಲಿ ಜೌಗು ಪ್ರದೇಶವೇ. ತಾತ್ಕಾಲಿಕ ಎಂಬ ಒಂದು ಪದವನ್ನು ಅಭಿಪ್ರಾಯ ಪುಸ್ತಕದ ಮೇಲೆಯೇ ಬರೆದು ಅಂಟಿಸಿದ್ದರೆ ಅರ್ಧ ದೂರುಗಳು ಹುಟ್ಟುತ್ತಲೇ ಇರಲಿಲ್ಲ.

ಒಳಗೆ ಕಾಲಿಡುವ ಮೊದಲು ಬೂಟು ತೊಳೆಯಬೇಕು. ಬಾಗಿಲಲ್ಲಿ ಒರಟು ಕುಂಚ, ನೀರಿನ ನಲ್ಲಿ, ಅದರಾಚೆಗೆ ಸೋಂಕುನಿವಾರಕ ದ್ರಾವಣ ತುಂಬಿದ ತಗ್ಗು ತಟ್ಟೆ ಇವೆ. ಹೊರಗೆ ಹೋಗುವಾಗ ಕೆಸರಾದ ಬೂಟು ತೊಳೆಯುವುದು ಎಲ್ಲರಿಗೂ ಗೊತ್ತು, ಒಳಗೆ ಬರುವಾಗ ಯಾಕೆ ಎಂದು ಮೊದಲ ದಿನ ನಾನೂ ಗೊಣಗಿದ್ದೆ. ಬೂಟಿನ ತಳದ ಗೀರುಗಳಲ್ಲಿ ಕುಳಿತ ಒಣ ಮಣ್ಣಿನೊಳಗೆ ಕಳೆಯ ಬೀಜ, ಬಸವನಹುಳದ ಮೊಟ್ಟೆ, ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರದ ಕಣ, ಏನು ಬೇಕಾದರೂ ಒಂದು ಕೆರೆಯಿಂದ ಇನ್ನೊಂದಕ್ಕೆ ಸವಾರಿ ಮಾಡಬಹುದು. ಹಲವು ಕೊಳಗಳನ್ನು ಸುತ್ತುವವರೇ, ಅಂದರೆ ಪ್ರಕೃತಿಯನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರೇ, ಈ ಸಾಗಣೆಯಲ್ಲಿ ಮುಂದಿರುತ್ತಾರೆ ಎಂಬುದು ಸ್ವಲ್ಪ ಮುಜುಗರದ ವಿಷಯ. ಇಲ್ಲಿನ ಕುಂಚದ ಕೂದಲು ಸವೆದಿಲ್ಲ, ದ್ರಾವಣ ಹಳಸಿಲ್ಲ. ಮೂರು ಭೇಟಿಯಲ್ಲೂ ಕೈಹಾಕಿ ನೋಡಿದ್ದೇನೆ. ಧಾಮವೊಂದು ತನ್ನ ಕೆಲಸವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂದು ತಿಳಿಯಲು ಫಲಕಗಳಿಗಿಂತ ಈ ತಟ್ಟೆಯನ್ನು ನೋಡುವುದು ಒಳ್ಳೆಯದು.

ಬಾಗಿಲಿನಿಂದ ಜೊಂಡಿನ ನಡುವೆ ಹಾಯುವ ಹಲಗೆದಾರಿ ಇಡೀ ಧಾಮದಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಳ್ಳುವ ಜಾಗ. ಚೆನ್ನಾಗಿಯೇ ಇದೆ. ಹಲಗೆಗಳ ನಡುವೆ ನೀರು ಬಸಿಯುವಷ್ಟು ಸಂದು ಬಿಟ್ಟಿದ್ದಾರೆ, ಅಂಚಿಗೆ ಗಾಲಿಕುರ್ಚಿಯ ಚಕ್ರ ಜಾರದಂತೆ ದಿಂಡು ಕೂರಿಸಿದ್ದಾರೆ, ಎದುರುಬದುರಾದವರು ದಾಟಿಕೊಳ್ಳಲು ಅಲ್ಲಲ್ಲಿ ಅಗಲ ಮಾಡಿದ್ದಾರೆ. ಆದರೆ ಮರ ಸದಾ ನೆರಳಿನಲ್ಲೂ ತೇವದಲ್ಲೂ ಇರುವ ಕಡೆ ಪಾಚಿ ಕಟ್ಟಿಯೇ ಕಟ್ಟುತ್ತದೆ. ಹಿಡಿತಕ್ಕಾಗಿ ಮೊಳೆ ಹೊಡೆದ ತಂತಿಬಲೆ ಎರಡನೆಯ ತಿರುವಿನಲ್ಲಿ ಕಿತ್ತುಬಂದು, ಅದರ ತುದಿ ಮೇಲಕ್ಕೆ ಮಡಚಿ ನಿಂತಿತ್ತು. ಎರಡನೆಯ ಭೇಟಿಯಲ್ಲಿ ಅದಕ್ಕೆ ನನ್ನ ಬೂಟು ಸಿಕ್ಕಿ ಮೊಣಕಾಲು ಊರಿಕೊಂಡೆ. ಮೂರನೆಯ ಭೇಟಿಯಲ್ಲೂ ಅದು ಹಾಗೆಯೇ ಇತ್ತು, ಮೇಲೆ ಒಂದು ಕೆಂಪು ಪಟ್ಟಿ ಮಾತ್ರ ಸುತ್ತಿದ್ದರು. ಪಟ್ಟಿ ಸುತ್ತಲು ಬಂದವರು ಕೈಯಲ್ಲಿ ಒಂದು ಸುತ್ತಿಗೆ ತಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಹಕ್ಕಿ ನೋಡುವವರು ಹೈಡ್ ಎಂದೇ ಕರೆಯುವ ಮರೆಮನೆಗಳು ಮೂರಿವೆ, ಮೂರಕ್ಕೂ ನಾನು ಬೇರೆ ಬೇರೆ ಅಂಕ ಕೊಡುತ್ತೇನೆ. ಮೊದಲನೆಯದು ಅತ್ಯುತ್ತಮ. ಅದರ ಬಾಗಿಲಿಗೆ ಹೋಗುವ ದಾರಿಯ ಎರಡೂ ಬದಿಗೆ ಜೊಂಡಿನ ತಡಿಕೆ ಕಟ್ಟಿರುವುದರಿಂದ, ನಾವು ಬಂದದ್ದು ಕೊಳದ ಹಕ್ಕಿಗಳಿಗೆ ತಿಳಿಯುವುದಿಲ್ಲ. ಕಿಂಡಿಗಳು ನಿಂತವರಿಗೊಂದು, ಕುಳಿತವರಿಗೊಂದು, ಮಕ್ಕಳಿಗೂ ಗಾಲಿಕುರ್ಚಿಯಲ್ಲಿ ಬಂದವರಿಗೂ ಒಂದು ಎಂದು ಮೂರು ಎತ್ತರದಲ್ಲಿವೆ. ಬೆಳಗಿನ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಿದ್ದು ಕೊಳವನ್ನು ಬೆಳಗುತ್ತದೆ. ಎರಡನೆಯದು ಕಟ್ಟಡವಾಗಿ ಇದಕ್ಕಿಂತ ಚೆಂದ, ಆದರೆ ಅದರ ಮುಖವಿರುವುದು ಪಶ್ಚಿಮಕ್ಕೆ. ಮಧ್ಯಾಹ್ನ ಕಳೆದ ಮೇಲೆ ಅಲ್ಲಿ ಕುಳಿತರೆ ಕಾಣುವುದು ಕಣ್ಣು ಕೋರೈಸುವ ನೀರಿನ ಹೊಳಪು, ಅದರ ಮೇಲೆ ಹಕ್ಕಿಗಳ ಕಪ್ಪು ಆಕಾರ. ಕಟ್ಟಿದವರು ಒಂದು ದಿನ ಸಂಜೆ ಅಲ್ಲಿ ನಿಂತು ನೋಡಿದ್ದರೆ ಸಾಕಿತ್ತು. ಮೂರನೆಯದು ಚಿಕ್ಕದು, ಹಲಗೆ ಬೆಂಚಿನದು, ಇಬ್ಬರೇ ಕೂರಬಹುದಾದದ್ದು. ಅಲ್ಲಿ ಒಂದು ಮುಂಜಾನೆ ಜೊಂಡಿನ ಅಂಚಿನಲ್ಲಿ ಗುಳುಮುಳುಕವೊಂದು ಮುಳುಗಿ ಏಳುವುದನ್ನು ಎಣಿಸುತ್ತ ಕುಳಿತವನಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಮುಷ್ಟಿಯಷ್ಟು ಹಕ್ಕಿ, ಮುಳುಗುವ ಮುನ್ನ ಮೈಯ ಗರಿಗಳನ್ನೆಲ್ಲ ಒತ್ತಿಕೊಂಡು ಕುಗ್ಗುತ್ತದೆ, ಸದ್ದಿಲ್ಲದೆ ಮಾಯವಾಗುತ್ತದೆ, ನಾವು ಕಾಯುವ ಕಡೆ ಬಿಟ್ಟು ಬೇರೆ ಕಡೆ ಏಳುತ್ತದೆ.

ಇನ್ನು ನೀರಿನ ಮಾತು. ಮೂರನೆಯ ಭೇಟಿಯಲ್ಲಿ ನಾನು ಹೋದಾಗ ಮೊದಲ ಕೊಳದಲ್ಲಿ ನೀರಿನ ಬದಲು ಹೊಳೆಯುವ ಕೆಸರಿತ್ತು, ನಡುವೆ ಅಲ್ಲೊಂದು ಇಲ್ಲೊಂದು ತಟ್ಟೆಯಂಥ ಮಡು. ಪಕ್ಕದಲ್ಲಿ ಕುಟುಂಬದೊಂದಿಗೆ ಬಂದವರೊಬ್ಬರು ಅಲ್ಲಿನ ಮಾರ್ಗದರ್ಶಿಯನ್ನು ತರಾಟೆಗೆ ತೆಗೆದುಕೊಂಡರು: "ಮಕ್ಕಳನ್ನ ಇಷ್ಟು ದೂರ ಕರ್ಕೊಂಡು ಬಂದದ್ದು ಈ ಕೆಸರು ತೋರಿಸೋಕಾ?" ಆತ ಸಿಟ್ಟಾಗಲಿಲ್ಲ. "ಕೆಸರೇ ಸಾರ್ ನೋಡಬೇಕಾದ್ದು, ಐದು ನಿಮಿಷ ಕೊಡಿ" ಎಂದು, ಏರಿಯ ಕೆಳಗಿಳಿದು ಬೊಗಸೆಯಷ್ಟು ಕೆಸರನ್ನು ಎತ್ತಿ ತಂದು ಬಿಳಿಯ ಟ್ರೇಯಲ್ಲಿ ಹಾಕಿ ನೀರು ಹೊಯ್ದ. ಕದಡು ಇಳಿಯುತ್ತಿದ್ದಂತೆ ತಳದಲ್ಲಿ ದಾರದ ತುಂಡಿನಂಥ ಕೆಂಪು ಹುಳುಗಳು ಎಂಟರ ಆಕಾರದಲ್ಲಿ ಬಳುಕಲು ಶುರು ಮಾಡಿದವು. ಇವು ಕಚ್ಚದ ಜಾತಿಯ ನೊರಜುಗಳ ಮರಿಗಳು. ಕೆಸರಿನಲ್ಲಿ ಆಮ್ಲಜನಕ ಕಡಿಮೆ, ಅದನ್ನು ಹಿಡಿದಿಟ್ಟುಕೊಳ್ಳಲು ನಮ್ಮ ರಕ್ತದಲ್ಲಿರುವಂತೆ ಇವುಗಳ ಮೈಯಲ್ಲೂ ಹಿಮೊಗ್ಲೋಬಿನ್ ಇರುವುದರಿಂದ ಆ ಕೆಂಪು. ಆಮೇಲೆ ಆತ ಮಕ್ಕಳ ಕೈಗೆ ದುರ್ಬೀನು ಕೊಟ್ಟು, ಕೆಸರಿನ ಅಂಚಿನಲ್ಲಿ ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಆಡಿಸುತ್ತಿದ್ದ ಸಣ್ಣ ಹಕ್ಕಿಗಳನ್ನು ತೋರಿಸಿದ. ತಂದೆಯ ಮುಖ ಸಡಿಲವಾಯಿತು. ಮಕ್ಕಳಂತೂ ಟ್ರೇ ಬಿಟ್ಟು ಏಳಲಿಲ್ಲ.

ಆ ಮಾರ್ಗದರ್ಶಿ ಹೇಳಿದ ವಿಷಯವನ್ನು ಯಾವ ಫಲಕವೂ ಹೇಳುತ್ತಿರಲಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ. ನೀರು ತುಂಬಿ ತುಳುಕುವ ಕೊಳ ಕಣ್ಣಿಗೆ ಹಬ್ಬ, ಆದರೆ ಹೆಚ್ಚಿನ ನೀರುಹಕ್ಕಿಗಳಿಗೆ ಅದರಿಂದ ಪ್ರಯೋಜನ ಕಡಿಮೆ. ಸಣ್ಣ ಉಲ್ಲಂಕಿಗಳಿಗೆ ಬೆರಳು ಮುಳುಗುವಷ್ಟು ನೀರು ಸಾಕು, ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗೆ ಗೇಣಾದರೂ ಆಗುತ್ತದೆ, ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ಮೇಯುವ ಬಾತುಗಳಿಗೆ ಕೊರಳು ತಳ ಮುಟ್ಟುವಷ್ಟಿರಬೇಕು, ಮುಳುಗಿ ಮೇಯುವವುಗಳಿಗೆ ಮಾತ್ರ ಇನ್ನೂ ಆಳ ಬೇಕು. ಒಂದೇ ಮಟ್ಟದ ನೀರು ಒಂದೇ ಬಗೆಯ ಗಿರಾಕಿಗಳನ್ನು ಕರೆಯುತ್ತದೆ. ಆದ್ದರಿಂದಲೇ ಇಲ್ಲಿ ನಾಲ್ಕು ಕೊಳಗಳಿಗೂ ಪ್ರತ್ಯೇಕ ತೂಬುಗಳಿವೆ. ತೂಬೆಂದರೆ ದೊಡ್ಡ ಯಂತ್ರವೇನಲ್ಲ. ಕಾಂಕ್ರೀಟಿನ ಎರಡು ಕಂಬಗಳಲ್ಲಿ ಕೊರೆದ ಸೀಳುಗಳ ನಡುವೆ ಒಂದರ ಮೇಲೊಂದು ಕೂರಿಸಿದ ಹಲಗೆಗಳು, ಪಕ್ಕದಲ್ಲಿ ಸೆಂಟಿಮೀಟರ್ ಗೆರೆ ಎಳೆದ ಅಳತೆಪಟ್ಟಿ. ಒಂದು ಹಲಗೆ ತೆಗೆದರೆ ಅಷ್ಟು ನೀರು ಮುಂದಿನ ಕೊಳಕ್ಕೆ ಇಳಿಯುತ್ತದೆ. ನೀರನ್ನು ದಿನಕ್ಕೆ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ಇಳಿಸುವುದಿಲ್ಲ ಎಂದು ಉಸ್ತುವಾರಿ ನೋಡಿಕೊಳ್ಳುವ ಹಿರಿಯರು ಹೇಳಿದರು. ಒಮ್ಮೆಗೇ ಬಿಟ್ಟರೆ ಮೀನು, ಗೊದಮೊಟ್ಟೆ, ಹುಳುಗಳಿಗೆ ಮಡು ಸೇರಲು ಬಿಡುವು ಸಿಗುವುದಿಲ್ಲ. ನಿಧಾನವಾಗಿ ಬಿಟ್ಟರೆ ದಿನವೂ ಹೊಸದೊಂದು ಕೆಸರಿನ ಅಂಚು ತೆರೆದುಕೊಂಡು ಹಕ್ಕಿಗಳಿಗೆ ವಾರಗಟ್ಟಲೆ ಮೇವಾಗುತ್ತದೆ. ಗಾಳಿ ತಾಗಿದ ಕೆಸರಿನಲ್ಲಿ ಕೊಳೆತದ್ದು ಬೇಗ ಕರಗುತ್ತದೆ, ಹುದುಗಿದ್ದ ಬೀಜಗಳು ಮೊಳೆಯುತ್ತವೆ, ಮತ್ತೆ ನೀರು ಕಟ್ಟಿದಾಗ ಆ ಗಿಡಗಳೂ ಬೀಜಗಳೂ ಬಾತುಗಳಿಗೆ ಆಹಾರವಾಗುತ್ತವೆ. ಹಿರಿಯರು ಬೆಳಗ್ಗೆ ಮೊದಲು ಅಳತೆಪಟ್ಟಿ ನೋಡಿ ನೋಟುಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಆಮೇಲೆ ಮಿಕ್ಕ ಕೆಲಸ. ನೀರುಗಂಟಿ ಎಂಬ ಹಳೆಯ ಮಾತಿಗೆ ಇವರಿಗಿಂತ ಸರಿಯಾದ ವಾರಸುದಾರರನ್ನು ನಾನು ಕಂಡಿಲ್ಲ.

ಇದೇನೂ ಈ ಧಾಮದವರ ಸ್ವಂತ ಪ್ರಯೋಗವಲ್ಲ. ಇಂಗ್ಲೆಂಡಿನ ಪೂರ್ವ ಕರಾವಳಿಯ ಮಿನ್ಸ್‌ಮಿಯರ್‌ನಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುಸೇನೆ ಇಳಿಯದಂತೆ ತಗ್ಗು ನೆಲಗಳಿಗೆ ನೀರು ನುಗ್ಗಿಸಿದ್ದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಬ್ರಿಟನ್ನಿನಲ್ಲಿ ಸುಮಾರು ನೂರು ವರ್ಷಗಳಿಂದ ನೆಲೆ ಕಳೆದುಕೊಂಡಿದ್ದ ಆವೊಸೆಟ್ ಎಂಬ, ಕೊಕ್ಕು ಮೇಲಕ್ಕೆ ಬಾಗಿದ ಕಪ್ಪುಬಿಳುಪಿನ ಹಕ್ಕಿ, ಅಲ್ಲಿ ಬಂದು ಗೂಡು ಮಾಡಿತು. ಮುಂದೆ 1960ರ ದಶಕದಲ್ಲಿ ಅಲ್ಲಿನ ಮೇಲ್ವಿಚಾರಕ ಬರ್ಟ್ ಆಕ್ಸೆಲ್ ನೆಲವನ್ನು ಕೆರೆದು ತೆಳು ನೀರಿನ ಹರವನ್ನೂ ಸಣ್ಣ ದ್ವೀಪಗಳನ್ನೂ ಮಾಡಿಸಿ, ತೂಬುಗಳಿಂದ ನೀರಿನ ಮಟ್ಟವನ್ನೂ ಉಪ್ಪಿನಂಶವನ್ನೂ ಹದದಲ್ಲಿಡುವ ಏರ್ಪಾಡು ಮಾಡಿದರು. ಅಲ್ಲಿ ಹಕ್ಕಿಯನ್ನು ಮೊದಲು ಕರೆದು ತಂದದ್ದು ಯುದ್ಧದ ಆಕಸ್ಮಿಕ, ಅದನ್ನು ಉಳಿಸಿಕೊಂಡದ್ದು ತೂಬಿನ ಹಲಗೆ.

ತದ್ವಿರುದ್ಧ ಪಾಠ ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮದ್ದು. ಸುಮಾರು 29 ಚದರ ಕಿಲೋಮೀಟರಿನ ಆ ಜಾಗ ರಾಷ್ಟ್ರೀಯ ಉದ್ಯಾನವಾದ ಮೇಲೆ 1982ರಲ್ಲಿ ದನ, ಎಮ್ಮೆಗಳನ್ನು ಮೇಯಿಸುವುದನ್ನು ನಿಷೇಧಿಸಲಾಯಿತು. ಅದನ್ನು ವಿರೋಧಿಸಿದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿ ಸಾವುಗಳೂ ಸಂಭವಿಸಿದವು. ಎಮ್ಮೆಗಳು ಹೋದವು, ಪಾಸ್ಪಾಲಮ್ ಎಂಬ ನೀರುಹುಲ್ಲು ಹೆಣೆದುಕೊಂಡು ಬಯಲು ನೀರನ್ನು ಮುಚ್ಚುತ್ತ ಬಂತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವರ್ಷಗಟ್ಟಲೆ ನಡೆಸಿದ ಅಧ್ಯಯನ, ಎಮ್ಮೆಗಳು ಮೇಯುತ್ತಿದ್ದುದರಿಂದಲೇ ಆ ಹುಲ್ಲು ಹತೋಟಿಯಲ್ಲಿತ್ತು ಎಂಬುದನ್ನು ತೋರಿಸಿತು. ಬೇಲಿ ಹಾಕಿ ಬೀಗ ಜಡಿದರೆ ಪ್ರಕೃತಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂದು ನಂಬಿದ್ದವರಿಗೆ ಅದು ಬಿಸಿ ಮುಟ್ಟಿಸಿದ ಪ್ರಕರಣ. ಇಂಗ್ಲೆಂಡಿನ ವಿಕನ್ ಫೆನ್ 1899ರಿಂದ ಸಂರಕ್ಷಣೆಯಲ್ಲಿರುವ ಜೌಗು. ಛಾವಣಿಗೆಂದು ಅಲ್ಲಿನ ಸೆಡ್ಜ್ ಹುಲ್ಲನ್ನು ಜನ ಕೊಯ್ಯುತ್ತಿದ್ದರು, ಕೊಯ್ಲು ನಿಂತ ಕಡೆಯಲ್ಲೆಲ್ಲ ಪೊದೆಗಳು ಎದ್ದು ಜೌಗು ಕುರುಚಲು ಕಾಡಾಗತೊಡಗಿತು. ಜೊಂಡಿನ ಹಾಸನ್ನು ಅದರ ಪಾಡಿಗೆ ಬಿಟ್ಟರೆ ಸತ್ತ ಎಲೆಯೂ ಬೇರೂ ಹೂಳೂ ಸೇರಿ ನೆಲ ಎತ್ತರವಾಗುತ್ತ, ನೀರು ಹಿಂಜರಿಯುತ್ತ, ಕೊನೆಗೆ ಜೌಗೇ ಉಳಿಯುವುದಿಲ್ಲ. ಅಭಿಪ್ರಾಯ ಪುಸ್ತಕದ ಆ ಮಹನೀಯರು ಬೋಳಾದ ಜೊಂಡನ್ನು ಕಂಡು ನೊಂದುಕೊಂಡದ್ದು ಅರ್ಥವಾಗುತ್ತದೆ, ಆದರೆ ಕೊಯ್ಯದೆ ಬಿಟ್ಟಿದ್ದರೆ ಅವರ ಮೊಮ್ಮಕ್ಕಳಿಗೆ ನೋಡಲು ಅಲ್ಲಿ ಜೊಂಡೇ ಇರುತ್ತಿರಲಿಲ್ಲ.

ಶ್ರಮದಾನದ ದಿನ ನಾನೇ ಕೊಯ್ಲಿಗೆ ಇಳಿದೆ. ಇಡೀ ಹಾಸನ್ನು ಒಂದೇ ವರ್ಷ ಕೊಯ್ಯುವುದಿಲ್ಲ. ಪಾಲು ಮಾಡಿಕೊಂಡು ಒಂದೊಂದು ವರ್ಷ ಒಂದೊಂದು ಪಾಲನ್ನು, ಹಕ್ಕಿಗಳು ಗೂಡು ಮಾಡುವ ತಿಂಗಳುಗಳನ್ನು ಬಿಟ್ಟು, ತೆಗೆಯುತ್ತಾರೆ. ಹೀಗಾಗಿ ಎಳೆಯ ಜೊಂಡು, ಬಲಿತ ಜೊಂಡು, ಬಯಲು ನೀರು ಮೂರೂ ಸದಾ ಇರುತ್ತವೆ. ದಂಡೆಯಲ್ಲಿ ಕಾಯಂ ಉಳಿಯಬೇಕಾದ ಪಾಲನ್ನು ನೀರಿನ ಮೇಲ್ಗಡೆ ಕತ್ತರಿಸಿ ಮತ್ತೆ ಚಿಗುರಲು ಬಿಡುತ್ತಾರೆ. ತೆರೆದ ನೀರಿನೊಳಕ್ಕೆ ಒತ್ತುವರಿ ಮಾಡಿದ ಆನೆಜೊಂಡನ್ನು ಮಾತ್ರ ನೀರಿನ ಮಟ್ಟದ ಕೆಳಗೆ, ಬುಡಕ್ಕೆ ಕೈಹಾಕಿ ಕೊಯ್ಯಬೇಕು. ಯಾಕೆಂದು ಕೇಳಿದ್ದಕ್ಕೆ ಹಿರಿಯರು ಒಂದು ದಂಟನ್ನು ಅಡ್ಡಕ್ಕೆ ಕತ್ತರಿಸಿ ಕೊಟ್ಟರು. ಒಳಗೆ ಜೇನುಹುಟ್ಟಿನಂತೆ ಸಾಲುಸಾಲು ಗಾಳಿಗೂಡು. ನೀರಿನೊಳಗೆ ಹಿಡಿದು ಹಿಸುಕಿದರೆ ಗುಳ್ಳೆಗಳು ಸರಗಟ್ಟಿ ಮೇಲೆದ್ದವು. ಉಸಿರಾಡಲು ಗಾಳಿಯಿಲ್ಲದ ಕೆಸರಿನಲ್ಲಿ ಹುಗಿದಿರುವ ಗೆಡ್ಡೆಗೆ ಈ ದಂಟುಗಳೇ ಗಾಳಿಯ ಕೊಳವೆ, ಒಣಗಿ ನಿಂತವೂ ಸೇರಿದಂತೆ. ಕೊಳವೆಯ ಬಾಯನ್ನು ನೀರಿನ ಕೆಳಗೆ ಕತ್ತರಿಸಿ ಕೆಲವು ವಾರ ಮುಳುಗಿಸಿಟ್ಟರೆ ಗೆಡ್ಡೆ ಉಸಿರುಗಟ್ಟಿ ಸಾಯುತ್ತದೆ. ಔಷಧಿ ಬೇಡ, ಯಂತ್ರ ಬೇಡ, ಕುಡುಗೋಲು ಮತ್ತು ತೂಬಿನ ಹಲಗೆ ಸಾಕು. ಸೊಂಟ ಬಗ್ಗಿಸಿ ಎರಡು ಗಂಟೆ ಕೊಯ್ದ ಮೇಲೆ ಈ ಜಾಣ್ಮೆಯ ಬಗ್ಗೆ ನನ್ನ ಉತ್ಸಾಹ ಸ್ವಲ್ಪ ಇಳಿದಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಕೊಯ್ದದ್ದನ್ನು ನೇರವಾಗಿ ಗಾಡಿಗೆ ಹೇರಬಾರದು. ಒಂದು ರಾತ್ರಿ ದಂಡೆಯ ಅಂಚಿನಲ್ಲೇ ಹರಡಿ ಬಿಡುತ್ತಾರೆ. ಅದರೊಳಗೆ ಸಿಕ್ಕಿದ ಕೊಡತಿಹುಳದ ಮರಿ, ಬಸವನಹುಳ, ನೀರುಜೀರುಂಡೆಗಳು ಅಷ್ಟರಲ್ಲಿ ತೆವಳಿ ನೀರಿಗೆ ಮರಳುತ್ತವೆ. ಆಮೇಲೆ ದೂರಕ್ಕೆ ಸಾಗಿಸುತ್ತಾರೆ, ಅಲ್ಲೇ ಕೊಳೆತರೆ ಅದರ ಸಾರವೆಲ್ಲ ಮತ್ತೆ ಕೊಳಕ್ಕೇ ಇಳಿದು ಪಾಚಿಗೆ ಗೊಬ್ಬರವಾಗುತ್ತದೆ. ಅಂತರಗಂಗೆ ಎಂಬ ತೇಲುಕಳೆಗೂ (ವಾಟರ್ ಹಯಸಿಂತ್) ಇದೇ ಕ್ರಮ, ಆದರೆ ಅದರೊಂದಿಗಿನ ಹೋರಾಟದಲ್ಲಿ ಗೆಲುವಿನ ಮಾತಿಲ್ಲ. ದಕ್ಷಿಣ ಅಮೆರಿಕದಿಂದ ಬಂದ ಈ ಕಳೆ ತುಂಡಾದ ಪ್ರತಿಯೊಂದು ಹಿಳ್ಳಿನಿಂದಲೂ ಹೊಸದಾಗಿ ಎದ್ದುಕೊಳ್ಳುತ್ತದೆ, ಹಿತವಾದ ಹವೆ ಸಿಕ್ಕರೆ ಎರಡೇ ವಾರದಲ್ಲಿ ಇಮ್ಮಡಿಸುತ್ತದೆ, ಅದರ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಇಲ್ಲಿ ಪ್ರತಿ ವಾರ ಒಬ್ಬರು ದೋಣಿಯಲ್ಲಿ ಸುತ್ತು ಹೊಡೆದು ಕಂಡ ಕಂಡ ಗಿಡವನ್ನು ಬುಡಸಮೇತ ಎತ್ತುತ್ತಾರೆ. ವರ್ಷಕ್ಕೊಮ್ಮೆ ಯಂತ್ರ ತಂದು ಗುಡ್ಡೆಗಟ್ಟಲೆ ತೆಗೆದು ಫೋಟೋ ಹೊಡೆಸಿಕೊಳ್ಳುವುದಕ್ಕಿಂತ ಇದು ಮೇಲು.

ದೋಣಿಯ ಸುತ್ತಿಗೆ ಇನ್ನೊಂದು ಉದ್ದೇಶವಿದೆ, ಸತ್ತ ಹಕ್ಕಿ ಕಂಡರೆ ಎತ್ತುವುದು. ಬಿಸಿಯೇರಿದ, ಆಮ್ಲಜನಕ ಕಳೆದುಕೊಂಡ ಕೆಸರಿನಲ್ಲಿ ಬಾಟ್ಯುಲಿಸಮ್ ಉಂಟುಮಾಡುವ ಬ್ಯಾಕ್ಟೀರಿಯಾ ವಿಷ ಹುಟ್ಟಿಸುತ್ತದೆ. ಅದರಿಂದ ಸತ್ತ ಹಕ್ಕಿಯ ಮೈಯ ಹುಳುಗಳಲ್ಲಿ ಆ ವಿಷ ಸೇರುತ್ತದೆ, ಹುಳು ತಿಂದ ಹಕ್ಕಿ ಸಾಯುತ್ತದೆ, ಅದರ ಮೇಲೆ ಮತ್ತೆ ಹುಳು. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಸತ್ತದ್ದು ಇದೇ ರೋಗದಿಂದ. ಒಂದು ಹೆಣವನ್ನು ಮೊದಲ ದಿನವೇ ಎತ್ತುವುದರ ಬೆಲೆ ಇಷ್ಟು. ಸಂದರ್ಶಕರು ಸತ್ತ ಹಕ್ಕಿಯನ್ನು ಕಂಡರೆ ಮುಟ್ಟದೆ ಸಿಬ್ಬಂದಿಗೆ ತಿಳಿಸಬೇಕೆಂದು ಬಾಗಿಲಲ್ಲಿ ಬರೆದಿರುವುದು ಸರಿಯಾಗಿದೆ. ಈ ಧಾಮದ ಫಲಕಗಳಲ್ಲಿ ನಾನು ಮೆಚ್ಚಿದ್ದು ಅದೊಂದನ್ನೇ.

ಶ್ರಮದಾನದ ಏರ್ಪಾಡಿನ ಬಗ್ಗೆ ಹೇಳುವುದಾದರೆ, ತಿಳಿವಳಿಕೆ ಕೊಡುವುದರಲ್ಲಿ ಉತ್ತಮ, ಸಾಮಗ್ರಿಯಲ್ಲಿ ಕಳಪೆ. ಕೈಕಾಲಲ್ಲಿ ಗಾಯವಿದ್ದರೆ ಜಲನಿರೋಧಕ ಪಟ್ಟಿ ಹಾಕಿಸಿದ ಮೇಲೆಯೇ ನೀರಿಗೆ ಬಿಟ್ಟರು, ಇಲಿಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಬಗ್ಗೆ ಹೆದರಿಸದೆ ವಿವರಿಸಿದರು, ಒಬ್ಬಂಟಿಯಾಗಿ ನೀರಿಗಿಳಿಯಲು ಯಾರಿಗೂ ಅವಕಾಶವಿರಲಿಲ್ಲ, ಕೋಲಿನಿಂದ ತಳ ಒತ್ತಿ ನೋಡದೆ ಹೆಜ್ಜೆ ಇಡಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದರು. ಕೆಸರಿನಲ್ಲಿ ಕಾಲು ಹೂತರೆ ಮೇಲಕ್ಕೆ ಜಗ್ಗದೆ, ಹಿಮ್ಮಡಿಯನ್ನು ತಿರುಗಿಸುತ್ತ ಗಾಳಿ ಒಳಹೋಗಲು ಬಿಟ್ಟು ನಿಧಾನವಾಗಿ ಎಳೆದುಕೊಳ್ಳಬೇಕು ಎಂಬುದನ್ನು ದಂಡೆಯಲ್ಲೇ ಅಭ್ಯಾಸ ಮಾಡಿಸಿದರು. ಅದು ಹತ್ತು ನಿಮಿಷದೊಳಗೆ ನನ್ನ ಉಪಯೋಗಕ್ಕೆ ಬಂತು. ಆದರೆ ಎದೆಮಟ್ಟದ ರಬ್ಬರು ಉಡುಪುಗಳಿದ್ದದ್ದು ಒಂದೇ ಅಳತೆಯಲ್ಲಿ, ಅದೂ ನನಗಿಂತ ಒಂದೂವರೆ ಪಟ್ಟು ಮನುಷ್ಯನಿಗೆ ಹೊಲಿದಂಥವು. ನನಗೆ ಸಿಕ್ಕಿದ್ದರ ಎಡಗಾಲಿನ ಜೋಡಣೆ ಬಿಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲಿನವರೆಗೆ ಕೊಳವನ್ನೇ ಹೊತ್ತುಕೊಂಡು ತಿರುಗುತ್ತಿದ್ದೆ. ಉಡುಪು ವಾಪಸು ಕೊಡುವಾಗ ತೂತಿನ ವಿಷಯ ಹೇಳಿದೆ, ಬರೆದುಕೊಂಡರು. ಎರಡು ತಿಂಗಳ ನಂತರದ ಶ್ರಮದಾನದಲ್ಲಿ ಅದೇ ಉಡುಪು, ಅದೇ ತೂತು, ಈ ಸಲ ಪಾಪ ಇನ್ನೊಬ್ಬರ ಕಾಲಿಗೆ.

ಸಂದರ್ಶಕರ ಬಗ್ಗೆಯೂ ಒಂದೆರಡು ಮಾತು ಬೇಕು, ಧಾಮದ ಅನುಭವವನ್ನು ಕೆಡಿಸುವುದರಲ್ಲಿ ನಮ್ಮ ಪಾಲೂ ಇದೆ. ಮೊದಲ ಮರೆಮನೆಯಲ್ಲಿ ಉದ್ದನೆಯ ಲೆನ್ಸಿನವರು ಕೆಳಗಿನ ಕಿಂಡಿಗಳನ್ನೆಲ್ಲ ಹಿಡಿದುಕೊಂಡು ಬೆಳಗಿನಿಂದ ಕದಲಲಿಲ್ಲ. ಗಾಲಿಕುರ್ಚಿಯಲ್ಲಿ ಬಂದ ಅಜ್ಜಿಯೊಬ್ಬರು ಹತ್ತು ನಿಮಿಷ ಹಿಂದೆ ಕಾದು ಹೊರಟುಹೋದರು. ಅದನ್ನು ಕಂಡೂ ಬಾಯಿಬಿಡದೆ ಕುಳಿತ ನಾನೂ ತಪ್ಪಿತಸ್ಥನೇ. ಇನ್ನೊಬ್ಬರು ಫೋನಿನಲ್ಲಿ ಹಕ್ಕಿಯ ಕೂಗನ್ನು ಹಚ್ಚಿ ಕರೆಯಲು ನೋಡಿದಾಗ ಮಾರ್ಗದರ್ಶಿ ಬಂದು ವಿನಯದಿಂದಲೇ ಆದರೆ ಎರಡನೆಯ ಮಾತಿಗೆ ಎಡೆಯಿಲ್ಲದಂತೆ ನಿಲ್ಲಿಸಿದರು. ತನ್ನ ಎಲ್ಲೆಯೊಳಗೆ ಎದುರಾಳಿ ಬಂದಿದೆ ಎಂದುಕೊಳ್ಳುವ ಗಂಡುಹಕ್ಕಿ ಮೇವು, ಗೂಡು ಬಿಟ್ಟು ಹುಡುಕಾಟಕ್ಕೆ ಬೀಳುತ್ತದೆ ಎಂದು ಅವರು ವಿವರಿಸಿದ್ದು ಚೆನ್ನಾಗಿತ್ತು. ಇಂಥ ಮಾರ್ಗದರ್ಶಿಗಳೇ ಈ ಧಾಮದ ಆಸ್ತಿ. ಗುಂಪಿಗೆ ಹನ್ನೆರಡಕ್ಕಿಂತ ಹೆಚ್ಚು ಜನರನ್ನು ಸೇರಿಸುವುದಿಲ್ಲ. ಕಾಣದ ಹಕ್ಕಿಯನ್ನು ಕಂಡೆವೆಂದು ನಂಬಿಸುವುದಿಲ್ಲ. ಗೊತ್ತಿಲ್ಲದ್ದಕ್ಕೆ ಪುಸ್ತಕ ತೆರೆಯುತ್ತಾರೆ.

ಹೋಗುವವರಿಗೆ ಕೆಲವು ಸೂಚನೆಗಳು. ಬೆಳಗಿನ ಮೊದಲ ಎರಡು ಗಂಟೆ ಮೊದಲ ಮರೆಮನೆಗೆ ಮೀಸಲಿಡಿ, ಎರಡನೆಯದನ್ನು ಹಗಲು ಏರಿದ ಮೇಲೆ ನೋಡಿ, ಸಂಜೆ ಅದರ ಕಡೆ ಹೋಗಬೇಡಿ. ದುರ್ಬೀನು ಹೊಸದಾಗಿ ಕೊಳ್ಳುವವರಿದ್ದರೆ 8×42 ಎಂದು ಬರೆದಿರುವುದು ಇಂಥ ಜಾಗಕ್ಕೆ ಸರಿಯಾದದ್ದು. ಎಂಟು ಪಟ್ಟಿಗಿಂತ ಹೆಚ್ಚಾದರೆ ಕೈನಡುಕವೂ ಹಿಗ್ಗಿ ಕಾಣುತ್ತದೆ, 42 ಮಿಲಿಮೀಟರಿನ ಮುಂಗಾಜು ಮುಂಜಾನೆಯ ಮಬ್ಬಿನಲ್ಲೂ ಸಾಕಷ್ಟು ಬೆಳಕು ಎಳೆದುಕೊಳ್ಳುತ್ತದೆ. ಇಲ್ಲಿ ಬಾಡಿಗೆಗೆ ಕೊಡುವ ದುರ್ಬೀನುಗಳ ಗಾಜು ಮಂಜಾಗಿವೆ, ನಂಬಿಕೊಂಡು ಹೋಗಬೇಡಿ. ಶೌಚಾಲಯ ಬಾಗಿಲ ಬಳಿ ಮಾತ್ರ ಇದೆ, ಒಳಗೆ ಎಲ್ಲೂ ಇಲ್ಲ. ಏರಿಯ ಮೇಲೆ ನೆರಳಿಲ್ಲ, ಕೂರಲು ಬೆಂಚುಗಳು ಸಾಲದು. ವಯಸ್ಸಾದವರನ್ನು ಕರೆದೊಯ್ಯುವವರು ಹಲಗೆದಾರಿ ಮತ್ತು ಮೊದಲ ಮರೆಮನೆಗೆ ಸುತ್ತಾಟವನ್ನು ಮುಗಿಸಿಕೊಳ್ಳುವುದು ಲೇಸು.

ಐದರಲ್ಲಿ ಎಷ್ಟು ಎಂದು ಕೇಳಿದರೆ, ನೀರು ಮತ್ತು ಜೊಂಡಿನ ಆರೈಕೆಗೆ ಐದು, ಮಾರ್ಗದರ್ಶಿಗಳಿಗೆ ಐದು, ಮರೆಮನೆಗಳಿಗೆ ಒಟ್ಟಾಗಿ ಮೂರೂವರೆ, ದಾರಿ ಮತ್ತು ಸಾಮಗ್ರಿಗಳ ದುರಸ್ತಿಗೆ ಎರಡು, ಫಲಕಗಳಿಗೆ ಒಂದು. ಆ ಒಂದನ್ನು ಎರಡೋ ಮೂರೋ ಮಾಡಲು ದೊಡ್ಡ ಖರ್ಚೇನೂ ಬೇಕಿಲ್ಲ. ತೂಬಿನ ಪಕ್ಕದ ಅಳತೆಪಟ್ಟಿಯಲ್ಲಿ ಇಂದು ಎಷ್ಟಿದೆ, ಹೋದ ವಾರ ಎಷ್ಟಿತ್ತು, ಯಾವ ಹಕ್ಕಿಗಾಗಿ ಇಳಿಸುತ್ತಿದ್ದೇವೆ, ಮತ್ತೆ ಯಾವಾಗ ತುಂಬುತ್ತೇವೆ ಎಂಬ ನಾಲ್ಕು ಸಾಲನ್ನು ಸೀಮೆಸುಣ್ಣದಲ್ಲಿ ಬರೆಯುವ ಕರಿಹಲಗೆಯೊಂದನ್ನು ಬಾಗಿಲಲ್ಲಿ ತೂಗುಹಾಕಿ ಎಂದು ಅದೇ ಅಭಿಪ್ರಾಯ ಪುಸ್ತಕದಲ್ಲಿ, ಆ ಸಿಟ್ಟಿನ ಮೂರು ವಾಕ್ಯಗಳ ಕೆಳಗೆ, ಬರೆದು ಬಂದಿದ್ದೇನೆ. ಹಿರಿಯರು ಓದಿ ನಕ್ಕರು, ಅವರ ನೋಟುಪುಸ್ತಕದಲ್ಲಿ ಅಷ್ಟೂ ವಿವರ ದಿನವೂ ಇದ್ದೇ ಇದೆಯಂತೆ, ಕೇಳಿದವರಿಲ್ಲವಂತೆ. ಮುಂದಿನ ಕೊಯ್ಲಿಗೆ ಹೆಸರು ಕೊಟ್ಟು ಬಂದಿದ್ದೇನೆ. ರಬ್ಬರು ಉಡುಪು ಮಾತ್ರ ಈ ಸಲ ನನ್ನದೇ ಒಯ್ಯುತ್ತೇನೆ, ಬಾಗಿಲಲ್ಲಿ ಕುಂಚ ಹಚ್ಚಿ ತೊಳೆದು.